ಹಾರ್ಪ್ ಗಿಟಾರಿನ ಉದ್ದ ತೋಳು

ಕೇಳುಗರೆಲ್ಲರಿಗೂ ನಮಸ್ಕಾರ.

ಗಿಟಾರನ್ನು ನೀವೆಲ್ಲ ನೋಡಿಯೇ ಇರುತ್ತೀರಿ. ಆರು ತಂತಿ, ಒಂದು ಕೊರಳು, ಹೊಟ್ಟೆಯಲ್ಲಿ ಒಂದು ದುಂಡು ಕಂಡಿ. ಅದನ್ನು ಎದುರಿಗೆ ನಿಲ್ಲಿಸಿ ನೋಡಿದಾಗ ಎಡ ಹೆಗಲು ಅಲ್ಲಿಗೇ ಮುಗಿಯದೆ, ಟೊಳ್ಳು ತೋಳಾಗಿ ಕೊರಳಿನ ಪಕ್ಕದಲ್ಲಿ ಮೇಲಕ್ಕೆ ಚಾಚಿಕೊಂಡಿದೆ ಅಂದುಕೊಳ್ಳಿ. ಆ ತೋಳಿನ ತುದಿಯಿಂದ ಇನ್ನೂ ಐದಾರು ದಪ್ಪ ತಂತಿಗಳು ಇಳಿದು ಬರುತ್ತವೆ. ಅವುಗಳ ಕೆಳಗೆ ಫ್ರೆಟ್, ಅಂದರೆ ಸ್ವರದ ಜಾಗ ಗುರುತಿಸುವ ಲೋಹದ ಅಡ್ಡಗೆರೆ, ಇಲ್ಲ. ಅವನ್ನು ಯಾರೂ ಬೆರಳಿನಿಂದ ಒತ್ತುವುದಿಲ್ಲ. ಹೆಬ್ಬೆರಳು ಮೀಟಿದಾಗ ಪ್ರತಿ ತಂತಿಯೂ ತನ್ನದೇ ಒಂದು ಸ್ವರ ಹೇಳುತ್ತದೆ, ಅಷ್ಟೇ. ಇದೇ ಹಾರ್ಪ್ ಗಿಟಾರ್. ಗೋವಾದ ಮಡಗಾಂವ್ ಹತ್ತಿರ ಒಂದು ಶೆಡ್ಡಿನಲ್ಲಿ ನಾನು ಇದನ್ನು ಕೈಯಿಂದ ಮಾಡುತ್ತೇನೆ. ನಮ್ಮದು ಹಳಿಯಾಳ ಕಡೆಯ ಬಡಗಿಗಳ ಮನೆತನ.

ಶೆಡ್ಡಿಗೆ ಬಂದವರೆಲ್ಲ ಮೊದಲು ಆ ತೋಳನ್ನೇ ಮುಟ್ಟಿ ನೋಡುತ್ತಾರೆ. ಬೆಳಗಾವಿಯಿಂದ ಬಂದ ಒಬ್ಬ ಹುಡುಗ ಕೇಳಿದ: "ಕಾಕಾ, ಇದಕ್ಕ ಈ ಕೈ ಯಾಕ್ರಿ? ಚಂದ ಕಾಣಲಿ ಅಂತನಾ?" ಚಂದ ಕಾಣುತ್ತದೆ, ನಿಜ. ಆದರೆ ತೋಳು ಇರುವುದು ಚಂದಕ್ಕಲ್ಲ, ಉದ್ದಕ್ಕೆ. ಗಿಟಾರಿನ ಐದನೇ ತಂತಿ ಸೆಕೆಂಡಿಗೆ 110 ಸಲ ಕಂಪಿಸುತ್ತದೆ. ಅದರ ಕೆಳಗಿನ ಸ್ಥಾಯಿಯ ಅದೇ ಸ್ವರ ಬೇಕೆಂದರೆ 55 ಸಲ ಕಂಪಿಸಬೇಕು. ಅದೇ ಉದ್ದ, ಅದೇ ಬಿಗಿ ಇಟ್ಟುಕೊಂಡರೆ ತಂತಿಯ ತೂಕ ನಾಲ್ಕು ಪಟ್ಟು ಆಗಬೇಕು. ಅಷ್ಟು ದಪ್ಪ ತಂತಿ ಸರಿಯಾಗಿ ಬಳುಕುವುದಿಲ್ಲ, ದನಿ ಮಂಕಾಗುತ್ತದೆ. ಹೋಗಲಿ ಎಂದು ಬಿಗಿ ಸಡಿಲಿಸಿದರೆ ತಂತಿ ಜೋಲು ಬಿದ್ದು ಬರ್ರ್ ಅನ್ನುತ್ತದೆ. ಉಳಿದ ದಾರಿ ಉದ್ದ ಹೆಚ್ಚಿಸುವುದು. ಸಾಮಾನ್ಯ ಗಿಟಾರಿನಲ್ಲಿ ಕಂಪಿಸುವ ತಂತಿ ಸುಮಾರು 65 ಸೆಂ.ಮೀ. ಇದ್ದರೆ, ತೋಳಿನ ತಂತಿಗಳು 80, 90 ಸೆಂ.ಮೀ. ಆಸುಪಾಸು ಇರುತ್ತವೆ. ಸ್ವಲ್ಪ ಉದ್ದ, ಸ್ವಲ್ಪ ತೂಕ, ಹೀಗೆ ಎರಡೂ ಕಡೆಯಿಂದ ತೆಗೆದುಕೊಂಡರೆ ಮಂದ್ರದ ಸ್ವರ ತುಂಬಿಕೊಂಡು ಬರುತ್ತದೆ.

ಇದು ಹೊಸ ವಾದ್ಯವೇನಲ್ಲ. 19ನೇ ಶತಮಾನದಲ್ಲೇ ವಿಯೆನ್ನಾದವರು ಗಿಟಾರಿಗೆ ಫ್ರೆಟ್ ಇಲ್ಲದ ಎರಡನೇ ಕೊರಳು ಜೋಡಿಸಿ ಮಂದ್ರದ ತಂತಿ ಕಟ್ಟಿದ್ದರು. ಟೊಳ್ಳು ತೋಳಿನ ಮಾದರಿ ಬೆಳೆದದ್ದು ಅಮೆರಿಕದಲ್ಲಿ. ನಾರ್ವೆಯಿಂದ ವಲಸೆ ಹೋದ ಕ್ರಿಸ್ ನಟ್ಸನ್ ಎಂಬಾತ 1890ರ ದಶಕದಲ್ಲಿ ವಾಷಿಂಗ್ಟನ್ ರಾಜ್ಯದ ಪೋರ್ಟ್ ಟೌನ್‌ಸೆಂಡ್ ಎಂಬ ಬಂದರು ಊರಿನಲ್ಲಿ ಇಂಥವನ್ನು ಮಾಡಿದ. ಆಮೇಲೆ ಷಿಕಾಗೋದಲ್ಲಿದ್ದ ಸ್ವೀಡನ್ ಮೂಲದ ಅಣ್ಣತಮ್ಮ, ಕಾರ್ಲ್ ಮತ್ತು ಆಗಸ್ಟ್ ಲಾರ್ಸನ್, ಸೇಂಟ್ ಪಾಲ್ ಊರಿನ ಡೈಯರ್ ಅಂಗಡಿಗಾಗಿ ಮಾಡಿಕೊಟ್ಟ ಹಾರ್ಪ್ ಗಿಟಾರುಗಳನ್ನು ಇವತ್ತಿಗೂ ನಾವೆಲ್ಲ ಮಾದರಿಯಾಗಿ ಇಟ್ಟುಕೊಳ್ಳುತ್ತೇವೆ. ಗಿಬ್ಸನ್ ಕಂಪನಿ ಹತ್ತು ಮಂದ್ರದ ತಂತಿಗಳ ವಾದ್ಯವನ್ನೇ ಮಾಡಿತ್ತು. ನಂತರ ಜನ ಇದನ್ನು ಮರೆತರು. 1980ರ ದಶಕದಲ್ಲಿ ಅಮೆರಿಕದ ಗಿಟಾರ್ ವಾದಕ ಮೈಕೆಲ್ ಹೆಜಸ್ ಒಂದು ಹಳೆಯ ಡೈಯರ್ ಹಿಡಿದು ವೇದಿಕೆ ಹತ್ತಿದ ಮೇಲೆ ಮತ್ತೆ ಕಿವಿಗಳು ಈ ಕಡೆ ತಿರುಗಿದವು.

ಈಗ ಕೆಲಸದ ಮಾತಿಗೆ ಬರುತ್ತೇನೆ. ಸ್ಟೀಲ್ ತಂತಿಯ ಸಾಮಾನ್ಯ ಗಿಟಾರಿನ ಮೇಲೆ ಆರು ತಂತಿ ಸೇರಿ 70 ಕಿಲೋ ಮೀರಿದ ಎಳೆತ ಇರುತ್ತದೆ. ಮಂದ್ರದ ತಂತಿಗಳೂ ಸೇರಿದರೆ ಅದು ನೂರು ಕಿಲೋ ದಾಟುತ್ತದೆ. ಇಷ್ಟನ್ನೂ ಹಗಲು ರಾತ್ರಿ ತಡೆದು ನಿಲ್ಲಬೇಕಾದದ್ದು ವಾದ್ಯದ ಮುಂಬದಿಯ, ಸುಮಾರು 3 ಮಿಲಿಮೀಟರ್ ದಪ್ಪದ ಒಂದು ಹಲಗೆ. ಹಾಗಾದರೆ ದಪ್ಪ ಹಲಗೆ ಹಾಕಿದರಾಯಿತು, ಅಲ್ವಾ? ಆಗದು. ದಪ್ಪ ಹಲಗೆ ಬಾಗುವುದಿಲ್ಲ, ಹಾಡುವುದೂ ಇಲ್ಲ. ತೆಳು ಮಾಡಿದರೆ ಹಾಡುತ್ತದೆ, ಆದರೆ ತಂತಿಗಳನ್ನು ಹಲಗೆಗೆ ಕಟ್ಟುವ ಬ್ರಿಡ್ಜಿನ ಹಿಂದೆ ಉಬ್ಬಿ, ಮುಂದೆ ಕುಸಿಯುತ್ತದೆ. ಹಾರ್ಪ್ ಗಿಟಾರ್ ಮಾಡುವವನ ಕಸುಬೆಲ್ಲ ಈ ಎರಡರ ನಡುವೆ ಎಲ್ಲಿ ನಿಲ್ಲಬೇಕು ಅನ್ನುವುದರಲ್ಲೇ ಇದೆ ಎಂದು ನಾನು ನಂಬಿದ್ದೇನೆ. ತೋಳು, ಮೆರುಗು, ಮುತ್ತಿನ ಚಿಪ್ಪಿನ ಕೆಲಸ ಎಲ್ಲ ಆಮೇಲಿನದು.

ಆ ನಡುವಿನ ಜಾಗವೋ ಬಹಳ ಕಿರಿದು. ಹಲಗೆಯ ಗಡಸು, ಅಂದರೆ ಬಾಗದೆ ನಿಲ್ಲುವ ಗುಣ, ಅದರ ದಪ್ಪದ ಘನಕ್ಕೆ ತಕ್ಕಂತೆ ಬದಲಾಗುತ್ತದೆ. 3 ಮಿಲಿಮೀಟರ್ ಇದ್ದದ್ದನ್ನು 2.7ಕ್ಕೆ ಇಳಿಸಿದರೆ ದಪ್ಪ ಕಡಿಮೆಯಾದದ್ದು ಹತ್ತನೇ ಒಂದು ಭಾಗ, ಗಡಸು ಹೋದದ್ದು ಕಾಲು ಭಾಗಕ್ಕೂ ಜಾಸ್ತಿ! ಅದಕ್ಕೇ ಕೊನೆಯ ಹಂತದಲ್ಲಿ ನಾನು ರಂದಾ ಬದಿಗಿಟ್ಟು ಉಕ್ಕಿನ ತೆಳು ತಗಡಿನಿಂದ ಹೆರೆಯುತ್ತೇನೆ. ನಾಲ್ಕು ಸಲ ಹೆರೆದ ಮೇಲೆ ಹಲಗೆಯನ್ನು ಎರಡು ಬೆರಳಲ್ಲಿ ತೂಗುಹಿಡಿದು ಗೆಣ್ಣಿನಿಂದ ತಟ್ಟುತ್ತೇನೆ, ಹಲಸಿನ ಹಣ್ಣು ಮಾಗಿದೆಯೋ ಇಲ್ಲವೋ ಎಂದು ತಟ್ಟಿ ನೋಡುವ ಹಾಗೆ. ಮೊದಲು ಬರುವುದು ಟಕ್ ಅನ್ನುವ ಮೋಟು ಸದ್ದು. ಹೆರೆಯುತ್ತಾ ಹೋದ ಹಾಗೆ ಸದ್ದು ಕೆಳಗಿಳಿಯುತ್ತದೆ, ಉದ್ದವಾಗುತ್ತದೆ, ಹಿಂದೆ ಒಂದು ಗುಂಯ್ ಉಳಿಯುತ್ತದೆ. ಆ ಗುಂಯ್ ಕೇಳಿದ ಮೇಲೂ ಇನ್ನೊಂದು ಸಲ ಹೆರೆಯೋಣ ಅನಿಸುತ್ತದೆ. ಅಲ್ಲಿಗೇ ಕೈ ನಿಲ್ಲಬೇಕು.

ಹಲಗೆಗೆ ಬಲ ಕೊಡಲು ಒಳಗೆ ಅಂಟಿಸುವ ಪಟ್ಟಿಗಳ ವಿಷಯದಲ್ಲಿ ಲಾರ್ಸನ್ ಅಣ್ಣತಮ್ಮಂದಿರಿಗೆ ನಾನು ಕೈಮುಗಿಯುತ್ತೇನೆ. ಸ್ಪ್ರೂಸ್ ಎಂಬ ಹಗುರ ಸೂಚಿಪರ್ಣಿ ಮರದ ಎರಡು ತುಂಡುಗಳ ನಡುವೆ ಒಂದು ತೆಳು ಗಟ್ಟಿಮರದ ಎಳೆ ಇಟ್ಟು ಅಂಟಿಸಿದ ಪಟ್ಟಿ ಅವರದು. 1904ರಲ್ಲೇ ಆಗಸ್ಟ್ ಅದಕ್ಕೆ ಪೇಟೆಂಟ್ ಪಡೆದಿದ್ದ. ಹಗುರವಾಗಿಯೂ ಇರುತ್ತದೆ, ಎಳೆತಕ್ಕೆ ಜಗ್ಗುವುದೂ ಇಲ್ಲ. ನೂರು ವರ್ಷ ದಾಟಿದ ಅವರ ವಾದ್ಯಗಳು ಇನ್ನೂ ಶ್ರುತಿ ಹಿಡಿದು ನಿಲ್ಲುತ್ತಿವೆ. ಇದಕ್ಕಿಂತ ಜಾಣ ಕೆಲಸ ಈ ವಾದ್ಯದಲ್ಲಿ ಇನ್ನೊಂದಿಲ್ಲ ಅಂತ ನನ್ನ ಅನಿಸಿಕೆ.

ಇನ್ನು ನಮ್ಮ ಗೋವಾದ ಮಳೆ. ವರ್ಷಕ್ಕೆ ಸುಮಾರು 3000 ಮಿ.ಮೀ. ಸುರಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯ ತೇವ ಶೇಕಡಾ 85, 90ಕ್ಕೆ ಏರಿ ಕೂತಿರುತ್ತದೆ. ಆದರೆ ವಾದ್ಯವನ್ನು ಅಂಟಿಸಬೇಕಾದದ್ದು 45ರ ಆಸುಪಾಸಿನಲ್ಲಿ. ಮರ ಒಣಗಿದ ಮೇಲೂ ಗಾಳಿಯಿಂದ ನೀರು ಕುಡಿಯುತ್ತದೆ, ಬಿಡುತ್ತದೆ. ಕುಡಿದಾಗ ಎಳೆಗಳ ಅಡ್ಡಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗುವುದೇ ಇಲ್ಲ ಅನ್ನಬಹುದು. 40 ಸೆಂ.ಮೀ. ಅಗಲದ ಸ್ಪ್ರೂಸ್ ಹಲಗೆ ನಮ್ಮ ಜುಲೈಗೂ ಒಣ ಹವೆಗೂ ನಡುವೆ ನಾಲ್ಕೈದು ಮಿಲಿಮೀಟರ್ ಹೆಚ್ಚುಕಡಿಮೆ ಆಗುತ್ತದೆ. ಜುಲೈನಲ್ಲಿ ಇಲ್ಲಿ ಬಯಲು ಗಾಳಿಯಲ್ಲಿ ಅಂಟಿಸಿದ ವಾದ್ಯ ಬೇಸಿಗೆಯಲ್ಲಿ ವಿಜಯಪುರಕ್ಕೆ ಹೋಯಿತು ಅನ್ನಿ. ಹಲಗೆ ಕುಗ್ಗಲು ನೋಡುತ್ತದೆ. ಅಡ್ಡಕ್ಕೆ ಅಂಟಿಸಿದ ಪಟ್ಟಿ ಬಿಡುವುದಿಲ್ಲ. ಕೊನೆಗೆ ಹಲಗೆ ಸೀಳುತ್ತದೆ. ಹಾರ್ಪ್ ಗಿಟಾರಿನಲ್ಲಿ ಹಲಗೆ ತೋಳಿನವರೆಗೂ ಹರಡಿರುವುದರಿಂದ ಸೀಳುವ ಜಾಗವೂ ಜಾಸ್ತಿ.

ಹಾಗಾಗಿ ಶೆಡ್ಡಿನ ಒಳಗೊಂದು ಸಣ್ಣ ಕೋಣೆ ಇದೆ. ಕಿಟಕಿ ಇಲ್ಲ, ಬಾಗಿಲಿಗೆ ರಬ್ಬರ್ ಪಟ್ಟಿ. ತೇವ ಹೀರುವ ಯಂತ್ರ ಸದಾ ಓಡುತ್ತಿರುತ್ತದೆ. ಶ್ರಾವಣದಲ್ಲಿ ಅದರ ಬಕೆಟ್ ತುಂಬುವ ವೇಗ ನೋಡಿದರೆ ಮರ ಎಷ್ಟು ಕುಡಿಯುತ್ತಿತ್ತು ಅನ್ನುವುದು ಕಣ್ಣಿಗೇ ಕಾಣುತ್ತದೆ. ಹೊಸ ಹಲಗೆಗಳು ಅಲ್ಲಿ ಕಡ್ಡಿಗಳ ಮೇಲೆ ವಾರಗಟ್ಟಲೆ ಸುಮ್ನೆ ಮಲಗಿರುತ್ತವೆ. ಅಂಟಿಸುವ ಕೆಲಸ ಆ ಕೋಣೆಯಲ್ಲಿ ಮಾತ್ರ. ಅಂಟು ನಮ್ಮ ಹಳೆಯ ಸರೇಸೇ. ನೀರಲ್ಲಿ ನೆನೆಸಿ, ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಕರಗಿಸುತ್ತೇನೆ. ಬೇಗ ಹಿಡಿಯುತ್ತದೆ, ಗಾಜಿನ ಹಾಗೆ ಗಟ್ಟಿಯಾಗುತ್ತದೆ. ಮುಂದೆ ಯಾರಾದರೂ ರಿಪೇರಿ ಮಾಡುವಾಗ ಬಿಸಿ ಕೊಟ್ಟರೆ ಬಿಡುತ್ತದೆ. ರಿಪೇರಿಗೆ ಒದಗದ ವಾದ್ಯ ಮಾಡಬಾರದು ಅನ್ನುವುದು ನನ್ನ ಹಟ.

ಹಿಂಬದಿಗೆ ಮತ್ತು ಪಕ್ಕಗಳಿಗೆ ನಾನು ಬಳಸುವುದು ಬೀಟೆ. ಜಗತ್ತಿನ ದೊಡ್ಡ ಗಿಟಾರ್ ಕಂಪನಿಗಳು ಬ್ರೆಜಿಲ್‌ನ ಬೀಟೆ ಬಿಟ್ಟು ನಮ್ಮ ಬೀಟೆಗೆ ತಿರುಗಿ ಅರ್ಧ ಶತಮಾನ ದಾಟಿತು. ಮಾರ್ಟಿನ್ ಕಂಪನಿ 1969ರಲ್ಲೇ ತಿರುಗಿತ್ತು. ನಮ್ಮ ಪಶ್ಚಿಮ ಘಟ್ಟದಲ್ಲಿ ಬೆಳೆದ ಮರವನ್ನು ಅವರು ಅಷ್ಟು ಗೌರವದಿಂದ ಬಳಸುವಾಗ ನಮ್ಮವರು ಅದನ್ನು ಮಂಚಕ್ಕೂ ಕುರ್ಚಿಗೂ ಮಾತ್ರ ಮೀಸಲಿಟ್ಟರೆ ನನಗೆ ಬೇಸರವಾಗುತ್ತದೆ. 2017ರಲ್ಲಿ ಬೀಟೆಯ ಕುಲದ ಎಲ್ಲ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಪರವಾನಗಿ ಬೇಕೆಂದಾಯಿತು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಆದರೂ ಮರ ಎಲ್ಲಿಂದ ಬಂತು ಅನ್ನುವ ರಸೀದಿಯನ್ನು ನಾನು ವಾದ್ಯದ ಜೊತೆಗೇ ಕೊಡುತ್ತೇನೆ. ಕದ್ದು ಕಡಿದ ಮರದಿಂದ ಸಂಗೀತ ಬೇಡ.

ತೋಳಿನ ಪಕ್ಕವನ್ನು ಬಾಗಿಸುವುದು ನನಗೆ ಎಲ್ಲಕ್ಕಿಂತ ಇಷ್ಟದ ಕೆಲಸ. ಎರಡು ಮಿಲಿಮೀಟರ್ ದಪ್ಪಕ್ಕೆ ತಂದ ಬೀಟೆಯ ಉದ್ದ ಪಟ್ಟಿಗೆ ನೀರು ಚಿಮುಕಿಸಿ ಬಿಸಿ ಕೊಳವೆಯ ಮೇಲೆ ಆನಿಸಿ ಹಿಡಿಯುತ್ತೇನೆ. ಚುಯ್ ಅಂತ ಆವಿ ಏಳುತ್ತದೆ, ಜೊತೆಗೆ ಸಿಹಿ ವಾಸನೆ. ಮೊದಲು ಮರ ಕೈಗೆ ಎದುರು ನಿಲ್ಲುತ್ತದೆ. ಒತ್ತಬಾರದು. ಅಂಗೈ ಹಾಗೇ ಇಟ್ಟುಕೊಂಡು ಕಾಯಬೇಕು. ಒಂದು ಗಳಿಗೆಯಲ್ಲಿ ಪಟ್ಟಿ ತಾನಾಗಿ ಮೆತ್ತಗಾದದ್ದು ಅಂಗೈಗೆ ಗೊತ್ತಾಗುತ್ತದೆ. ಆಗ ತಿರುಗಿಸಿದರೆ ಹೆಗಲಿನ ಸುತ್ತು ಬಂದುಬಿಡುತ್ತದೆ. ಮುಂಚೆ ಒತ್ತಿದರೆ ಟಪ್ ಅಂತ ಮುರಿಯುತ್ತದೆ, ತಡ ಮಾಡಿದರೆ ಸುಟ್ಟು ಕರಿಯಾಗುತ್ತದೆ.

ವಾದ್ಯ ಕೊಂಡವರಿಗೆ ಒಂದು ಮಾತು. ಶ್ರುತಿ ಮಾಡುವಾಗ ಮೊದಲು ಮಂದ್ರದ ತಂತಿಗಳನ್ನು ಬಿಗಿಮಾಡಿ, ಆಮೇಲೆ ಆರು ತಂತಿಗೆ ಬನ್ನಿ, ಮತ್ತೆ ಮಂದ್ರಕ್ಕೆ ಹೋಗಿ. ಒಂದು ಕಡೆಯ ಎಳೆತ ಹೆಚ್ಚಿದಾಗ ಹಲಗೆ ಕೂದಲೆಳೆಯಷ್ಟು ಸರಿಯುತ್ತದೆ, ಇನ್ನೊಂದು ಕಡೆಯ ಶ್ರುತಿ ಇಳಿಯುತ್ತದೆ. ಹಳೆಯ ತಂತಿ ಬದಲಿಸುವಾಗ ಎಲ್ಲವನ್ನೂ ಒಟ್ಟಿಗೆ ಬಿಚ್ಚಬೇಡಿ, ಒಂದೊಂದಾಗಿ ಬದಲಿಸಿ. ಮಂದ್ರದ ತಂತಿಗಳು ಮೀಟದಿದ್ದರೂ ತಾವೇ ಅನುರಣಿಸುತ್ತವೆ, ಸಿತಾರಿನ ತರಬ್ ತಂತಿಗಳಲ್ಲಿ ಇದನ್ನು ಕೇಳಿರುತ್ತೀರಿ. ಅದೇ ಇದರ ಸೊಗಸು. ಆದರೆ ರಾಗ ಮುಂದೆ ಹೋದರೂ ಹಿಂದಿನ ಸ್ವರ ಉಳಿದುಕೊಂಡರೆ ಗೊಜಲಾಗುತ್ತದೆ. ಬಲಗೈ ಅಂಗೈಯ ಅಂಚಿನಿಂದ ಅವನ್ನು ಸುಮ್ಮನಾಗಿಸುವುದನ್ನೂ ಮೊದಲ ದಿನದಿಂದಲೇ ಕಲಿಯಿರಿ.

ನಮ್ಮ ಉತ್ತರ ಕರ್ನಾಟಕದಿಂದ ಬಡಗಿ ಕೆಲಸಕ್ಕೆಂದು ಗೋವಾಕ್ಕೆ ಬರುವ ಹುಡುಗರು ಎಷ್ಟೋ ಜನ. ಬಾಗಿಲ ಚೌಕಟ್ಟನ್ನು ಕೂದಲು ಹೋಗದಂತೆ ಕೂರಿಸುವ ಕೈ ಅವರದು. ನಿಮ್ಮಲ್ಲಿ ಯಾರಿಗಾದರೂ ಈ ಕೆಲಸ ಕಲಿಯುವ ಮನಸ್ಸಿದ್ದರೆ, ಸ್ವರಜ್ಞಾನ ಇಲ್ಲ ಎಂದು ಹಿಂಜರಿಯಬೇಡಿ, ಕಿವಿ ಕೆಲಸ ಮಾಡುತ್ತಾ ಬರುತ್ತದೆ. ಹತ್ತಿರದ ಯಾವುದಾದರೂ ವಾದ್ಯ ರಿಪೇರಿ ಅಂಗಡಿಯಲ್ಲಿ, ಇಲ್ಲವೇ ಸಿತಾರ್, ತಂಬೂರಿ ಮಾಡುವ ಮಿರಜಿನಲ್ಲಿ ಶುರು ಮಾಡಿ. ಮಳೆ ನಿಂತು ಗಾಳಿ ಒಣಗಿದ ಮೇಲೆ, ಡಿಸೆಂಬರ್ ಹೊತ್ತಿಗೆ, ಮೊದಲ ಹಲಗೆ ಹೆರೆಯಲು ಕೂತುಕೊಳ್ಳಿ.

ನಮಸ್ಕಾರ.