ಗೈಡ್ ಹೊಗಳಿದರೆ ಕೊಟ್ಟ ದುಡ್ಡು ದಂಡ

ನಮಸ್ಕಾರ. ಇವತ್ತಿನ ಮಾತಿಗೆ ನಮ್ಮೂರಿನ ಕೆಲವರಿಗೆ ಸಿಟ್ಟು ಬರಬಹುದು. ಬರಲಿ.

ಬೆಂಗಳೂರಿನಿಂದ ನೆಂಟರು ಬಂದರೆ ಶಿವಮೊಗ್ಗದವರು ಏನು ಮಾಡುತ್ತೇವೆ? ಬೆಳಿಗ್ಗೆ ಸಕ್ರೆಬೈಲಿನ ಆನೆ ತೋರಿಸುತ್ತೇವೆ, ಆಮೇಲೆ ಜೋಗದ ದಾರಿ ಹಿಡಿಸುತ್ತೇವೆ. "ಊರೊಳಗೆ ನೋಡೋಕೆ ಏನಿದೆ ಬಿಡಿ" ಅಂತ ನಾವೇ ಹೇಳುತ್ತೇವೆ. ಕೋಟೆ ರಸ್ತೆಯಲ್ಲಿ ದಿನಾ ಸ್ಕೂಟರ್ ಓಡಿಸುವ ಎಷ್ಟೋ ಜನ ಶಿವಪ್ಪ ನಾಯಕನ ಅರಮನೆಯೊಳಗೆ ಕಾಲಿಟ್ಟಿಲ್ಲ.

ಅದಕ್ಕೇ ಯಾರಾದರೂ ಊರನ್ನು ನಡೆಸಿಕೊಂಡು ತೋರಿಸುತ್ತೇನೆ ಅಂದರೆ ನಾನು ಹೊರಟೆ. ಆದರೆ ಒಂದು ಷರತ್ತು: ಗೈಡ್ ನಮ್ಮನ್ನು ಹೊಗಳಬಾರದು. ನಮ್ಮ ಊರನ್ನು, ನಮ್ಮ ರಾಜರನ್ನು, ನಮ್ಮ ಕಲ್ಲುಗಳನ್ನು ಸುಮ್ನೆ ಹೊಗಳುವ ಗೈಡ್‌ಗಳು ಬೇಕಾದಷ್ಟು ಸಿಗುತ್ತಾರೆ. ಯಾವ ಕೋಟೆಗೆ ಹೋದರೂ ಅವರ ಬಳಿ ಒಂದು ಸುರಂಗ ಇರುತ್ತದೆ. ಹತ್ತಾರು ಮೈಲಿ ಉದ್ದ, ಕುದುರೆ ಮೇಲೆ ಕೂತೇ ಹೋಗಬಹುದು. ನೋಡೋಣ ಅಂದರೆ ಮಾತ್ರ ಅದು ಮುಚ್ಚಿಹೋಗಿರುತ್ತದೆ.

ಕಳೆದ ಚಳಿಗಾಲದಲ್ಲಿ ನಮ್ಮನ್ನು ಕರೆದುಕೊಂಡು ಹೋದವರು ಒಬ್ಬ ನಿವೃತ್ತ ಮೇಷ್ಟ್ರು. ಅವರು ಅರಮನೆ ಬಾಗಿಲಿಗೆ ಹೋಗಲೇ ಇಲ್ಲ, ಅಂಗಳದಲ್ಲೇ ನಿಲ್ಲಿಸಿದರು. ಅಲ್ಲಿ ಸಾಲಾಗಿ ವೀರಗಲ್ಲುಗಳಿವೆ. "ಕೆಳಗಿಂದ ಮೇಲಕ್ಕೆ ಓದಿ" ಅಂದರು. ಕೆಳಗಿನ ಪಟ್ಟಿಯಲ್ಲಿ ಕಾದಾಟ, ಕತ್ತಿ, ಬಿದ್ದವರು. ನಡುವೆ ಅಪ್ಸರೆಯರು ಆ ವೀರನನ್ನು ಎರಡೂ ಕಡೆಯಿಂದ ಹಿಡಿದು ಮೇಲಕ್ಕೆ ಒಯ್ಯುತ್ತಿದ್ದಾರೆ. ತುದಿಯಲ್ಲಿ ಅವನು ಶಿವಲಿಂಗದ ಮುಂದೆ ಕೂತಿದ್ದಾನೆ, ಮೇಲೆ ಸೂರ್ಯ ಚಂದ್ರ. ಅವೆರಡೂ ಇರುವವರೆಗೆ ಅವನ ಹೆಸರು ಇರಲಿ ಅಂತ. ಹತ್ತು ನಿಮಿಷದಲ್ಲಿ ನಾವೆಲ್ಲ ಒಬ್ಬೊಬ್ಬರು ಒಂದೊಂದು ಕಲ್ಲು ಹಿಡಿದು ಓದುತ್ತಿದ್ದೆವು.

ಪಕ್ಕದಲ್ಲೇ ಮಾಸ್ತಿಕಲ್ಲು, ಗಂಡನ ಚಿತೆ ಏರಿದವಳ ನೆನಪಿನ ಕಲ್ಲು. ಬಳೆ ತೊಟ್ಟ ಒಂದು ಕೈ, ಮೊಣಕೈ ಹತ್ತಿರ ಬಾಗಿ ಮೇಲೆತ್ತಿದೆ. "ಅಬ್ಬಾ, ಎಂಥಾ ತ್ಯಾಗ" ಅಂತ ಯಾರೋ ಅಂದರು. ಮೇಷ್ಟ್ರು ತಣ್ಣಗೆ, "ಅವಳನ್ನು ಯಾರಾದರೂ ಕೇಳಿದ್ದರಾ ಅಂತ ಈ ಕಲ್ಲಲ್ಲಿ ಇಲ್ಲ" ಅಂದರು. ಒಬ್ಬರೂ ಉಸಿರೆತ್ತಲಿಲ್ಲ.

ನಿಜವಾದ ಗಲಾಟೆ ಒಳಗೆ ಹೋದ ಮೇಲೆ. ಆ ದಪ್ಪ ಮರದ ಕಂಬಗಳ ನಡುವೆ ನಿಂತು ಅವರು ಹೇಳಿದ್ದು ಇಷ್ಟು: ಶಿವಪ್ಪ ನಾಯಕ ಆಳಿದ್ದು 1645ರಿಂದ 1660ರವರೆಗೆ. ಈ ಕಟ್ಟಡ 18ನೇ ಶತಮಾನದ್ದು. ಶಿವಪ್ಪನ ಕೆಳದಿ ನಾಯಕ ಮನೆತನದ ಕೊನೆಯ ರಾಜಧಾನಿ ಬಿದನೂರನ್ನು ಹೈದರಾಲಿ ಗೆದ್ದದ್ದು 1763ರಲ್ಲಿ, ಇದನ್ನು ಕಟ್ಟಿಸಿದ್ದೂ ಅವನೇ ಅಂತ ಇತಿಹಾಸಕಾರರು ಹೇಳುತ್ತಾರೆ. ನಮ್ಮ ಜೊತೆಗಿದ್ದ ಒಬ್ಬ ಹಿರಿಯರಿಗೆ ತಡೆಯಲಾಗಲಿಲ್ಲ. "ಏನ್ ಸಾರ್, ಇರೋ ಒಂದು ಅರಮನೇನೂ ಕಿತ್ಕೊಂಡ್ರಲ್ಲ!"

ಮೇಷ್ಟ್ರು ನಕ್ಕು ಶಿಸ್ತಿನ ವಿಷಯ ತೆಗೆದರು. ಶಿವಪ್ಪ ನಾಯಕನ ಕಂದಾಯದ ಪದ್ಧತಿ ಅದು. ಮಣ್ಣು ಹೇಗಿದೆ, ನೀರು ಎಷ್ಟಿದೆ ನೋಡಿ ಜಮೀನನ್ನು 5 ಬಗೆ ಮಾಡಿಸಿದ. ಬೆಳೆಯ ಮೂರನೇ ಒಂದು ಪಾಲು ಕಂದಾಯ. ದರ ಊರೂರಿಗೆ ಬೇರೆ ಬೇರೆ. ಆ ಹಿರಿಯರು ಅಡಿಕೆ ತೋಟದವರು. ಸಿಟ್ಟು ಮರೆತು, "ಹಾಗಾದ್ರೆ ನಮ್ಮಂಥ ತೋಟಕ್ಕೆ ಎಷ್ಟು ಬೀಳ್ತಿತ್ತು?" ಅಂತ ಲೆಕ್ಕಕ್ಕೆ ಕೂತರು. ಅರಮನೆ ಹೋದರೂ ರಾಜ ಉಳಿದ, ಅಲ್ವಾ? ನನ್ನ ಕೇಳಿದರೆ ಮೊದಲಿಗಿಂತ ಜಾಸ್ತಿಯೇ ಉಳಿದ.

ಇಕ್ಕೇರಿಯಲ್ಲೂ ಇಂಥ ಗೈಡ್ ಬೇಕು. ಸಾಗರದ ಪಕ್ಕದ ಆ ಹಳ್ಳಿಗೆ ಹೋದವರು ಅಘೋರೇಶ್ವರ ದೇವಸ್ಥಾನ ನೋಡಿ, ಫೋಟೋ ತೆಗೆದು ವಾಪಸ್. ಅದು ಕೆಳದಿ ನಾಯಕರ ರಾಜಧಾನಿ ಆಗಿತ್ತು ಅಂದರೆ ಮಕ್ಕಳು ಕಲ್ಲಿನ ಕೋಟೆ ಹುಡುಕುತ್ತಾರೆ. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ ಅಲ್ಲಿಗೆ ಬಂದಿದ್ದ, ವೆಂಕಟಪ್ಪ ನಾಯಕನ ಕಾಲ. ಊರಿನ ಹೊರಸುತ್ತಿಗೆ ಗೋಡೆಯೇ ಇಲ್ಲ, ಒತ್ತೊತ್ತಾಗಿ ಬೆಳೆಸಿದ ಎತ್ತರದ ಬಿದಿರು ಇದೆ ಅಂತ ಬರೆದಿಟ್ಟ. ಗೋಡೆ ಇಲ್ಲ ಅನ್ನೋಕೆ ಗೈಡ್‌ಗೆ ನಾಚಿಕೆ ಆಗಬಹುದು. ನನಗಂತೂ ಇದಕ್ಕಿಂತ ಮಲೆನಾಡಿನ ಬುದ್ಧಿ ಇನ್ನೊಂದು ಕಾಣಲ್ಲ. ಬಿದಿರು ಮೆಳೆಯೊಳಗೆ ಒಂದು ಸಲ ನುಗ್ಗಿ ನೋಡಿ, ಕುದುರೆ ಇರಲಿ ನಾಯಿಯೂ ಆ ಕಡೆ ದಾಟಲ್ಲ.

"ಇದೆಲ್ಲ ಮೊಬೈಲಲ್ಲೇ ಸಿಗುತ್ತಲ್ಲ" ಅನ್ನುವವರಿಗೆ ಒಂದು ಮಾತು. ಅರಮನೆಯ ಇಸವಿ ಸಿಗಬಹುದು. ಮೊಬೈಲ್ ಜೊತೆ ಆ ಹಿರಿಯರ ಹಾಗೆ ಜಗಳ ಆಡೋಕೆ ಆಗುತ್ತಾ? ಅದಕ್ಕೇ ಗುಂಪು ಚಿಕ್ಕದಿರಬೇಕು. ನಲವತ್ತು ಜನ, ಕೈಯಲ್ಲೊಂದು ಮೈಕು ಅಂದರೆ ಅದು ಭಾಷಣ.

ದುಡ್ಡಿನ ವಿಷಯ. ಜೋಗಕ್ಕೆ ಡೀಸೆಲ್ ಹಾಕಿಸುವಾಗ ಲೆಕ್ಕ ಇಡದ ನಾವು, ಎರಡು ಗಂಟೆ ನಿಂತು ಕಲ್ಲು ಓದಿಸಿದವರು 300 ರೂಪಾಯಿ ಕೇಳಿದರೆ "ನಮ್ಮೂರವರಿಗೂ ಚಾರ್ಜಾ?" ಅನ್ನುತ್ತೇವೆ. ಕೊಡಿ ಸ್ವಾಮಿ. ಮಳೆ ನಿಂತ ಮೇಲೆ, ಅರಮನೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ. ಜೊತೆಗೆ ಜಗಳ ಆಡುವ ಚಿಕ್ಕಪ್ಪನೋ ಮಾವನೋ ಇದ್ದರೆ ಅವರನ್ನೂ ಕರೆದುಕೊಂಡು ಹೋಗಿ.