ಅತ್ತಿಮಬ್ಬೆ: ಹೆಸರನ್ನು ಬಾಲದಿಂದ ಓದಿ

ಎಲ್ಲರಿಗೂ ನಮಸ್ಕಾರ. ಸಾವಿರ ವರ್ಷದ ಹಿಂದಿನ ಜೈನ ದಾನಿ ಅತ್ತಿಮಬ್ಬೆ, ಅವಳು ಕಟ್ಟಿಸಿದ ಲಕ್ಕುಂಡಿಯ ಬಸದಿ, ಅಲ್ಲಿನ 1007ರ ಶಾಸನ, ದಾನಚಿಂತಾಮಣಿ ಎಂಬ ಬಿರುದು, ಇವೆಲ್ಲ ನಿಮಗೆ ಗೊತ್ತಿದ್ದದ್ದೇ. ಇವತ್ತು ನನ್ನ ತಕರಾರು ಬರೀ ಹೆಸರಿನದು. ಮಗಳಿಗೆ ಯಾರೂ ಇಡದ ಹೆಸರು ಬೇಕೆಂದು ಹುಡುಕುವವರು ಅತ್ತಿಮಬ್ಬೆಯ ಹತ್ತಿರ ಬರುತ್ತಾರೆ, ಅರ್ಥಕ್ಕಾಗಿ ಸಂಸ್ಕೃತದ ನಿಘಂಟು ತೆರೆಯುತ್ತಾರೆ, ಸಿಗದೆ ವಾಪಸು ಹೋಗುತ್ತಾರೆ. ಸಿಗುವುದಾದರೂ ಹೇಗೆ? ಅದು ಕನ್ನಡದ ಹೆಸರು.

ಹಳಗನ್ನಡದ ಹೆಸರನ್ನು ಬಾಲದಿಂದ ಓದಬೇಕು. ಅತ್ತಿ, ಮಬ್ಬೆ ಎಂದು ಒಡೆದರೆ ಮಬ್ಬು ಕವಿಯುತ್ತದೆ. ಒಡೆಯಬೇಕಾದ್ದು ಅತ್ತಿಮ, ಅಬ್ಬೆ ಎಂದು. ನಡುವೆ ಒಂದು ಅಕಾರ ಲೋಪವಾಗಿದೆ, ಅಷ್ಟೇ. ಅಬ್ಬೆ ಎಂದರೆ ತಾಯಿ. ಹವ್ಯಕರ ಮನೆಗಳಲ್ಲಿ ಇವತ್ತಿಗೂ ಅಮ್ಮನನ್ನು ಅಬ್ಬೆ ಅಂತಲೇ ಕರೆಯುತ್ತಾರೆ. ಅತ್ತಿ ಎಂದ ಕೂಡಲೇ ಅತ್ತಿಮರ ಹತ್ತುವವರಿದ್ದಾರೆ. ಹತ್ತಲಿ, ಆದರೆ ನಡುವಿನ ಮಕಾರಕ್ಕೆ ಲೆಕ್ಕ ಕೊಟ್ಟು ಇಳಿಯಬೇಕು! ತಂಗಿ ಗುಂಡಮಬ್ಬೆಯ ಹೆಸರಲ್ಲೂ ಅದೇ ಮಕಾರ ಕೂತಿದೆ. ಜಕ್ಕಿಯಬ್ಬೆಯಲ್ಲಿ ಮಾತ್ರ ಯಕಾರ ಆಗಮ. ಯಕ್ಷಿ ತದ್ಭವವಾಗಿ ಜಕ್ಕಿ. ನಾಗರಖಂಡ 70 ಎಂಬ ಎಪ್ಪತ್ತು ಹಳ್ಳಿಗಳ ನಾಡನ್ನು ಆಳಿದವಳ ಹೆಸರು ಅದು. ಪಂಪನ ತಾಯಿ ಅಬ್ಬಣಬ್ಬೆ, ರನ್ನನ ತಾಯಿ ಅಬ್ಬಲಬ್ಬೆ: ತಲೆಯಲ್ಲೂ ಅಬ್ಬ, ಬಾಲದಲ್ಲೂ ಅಬ್ಬೆ.

ರನ್ನ ಅಂದಾಗ ಒಂದು ಮಾತು. ಈ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದವಳು. ಅಚ್ಚಿನ ಮನೆ ಇಲ್ಲದ ಕಾಲ. ಪ್ರತಿ ಅಂದರೆ ಗರಿ ಗರಿಯನ್ನೂ ಒಬ್ಬ ಲಿಪಿಕಾರ ಕೂತು ಬರೆಯಬೇಕು. ಸಾವಿರ! ಗಂಡ ನಾಗದೇವ ಯುದ್ಧದಲ್ಲಿ ಸತ್ತ, ಅವನ ಇನ್ನೊಬ್ಬ ಹೆಂಡತಿಯಾಗಿದ್ದ ಗುಂಡಮಬ್ಬೆ ಸಹಗಮನ ಮಾಡಿದಳು. ಇವಳು ಮಗನಿಗಾಗಿ ಉಳಿದಳು. ರನ್ನನಿಂದ ಅಜಿತಪುರಾಣ ಬರೆಸಿದಳು, 993ರಲ್ಲಿ. ಕವಿ ಏನು ಮಾಡಿದ? ತನ್ನ ಮಗನಿಗೆ ರಾಯ ಎಂದು ಹೆಸರಿಟ್ಟ, ತನಗೆ ಆಶ್ರಯ ಕೊಟ್ಟ ಚಾವುಂಡರಾಯನ ನೆನಪಿಗೆ. ಮಗಳಿಗೆ ಅತ್ತಿಮಬ್ಬೆ ಎಂದು. ತೊಟ್ಟಿಲಲ್ಲಿರುವ ಕೂಸಿಗೆ 'ತಾಯಿ' ಅನ್ನುವ ಹೆಸರು! ಇದರಲ್ಲಿ ವಿಚಿತ್ರವೇನಿಲ್ಲ. ನಾವೂ ಎಳೆಮಗುವನ್ನು 'ಬಾರವ್ವ, ನಮ್ಮವ್ವ' ಅನ್ನುತ್ತೇವಲ್ಲ, ಅದೇ.

ಚೀಟಿ ಬಂತು, ಬೇಗ ಹೇಳುತ್ತೇನೆ. ಅಬ್ಬೆ, ಅವ್ವೆ, ಅವ್ವ ಒಂದೇ ಬಳ್ಳಿಯವು. ಹಾಗಾಗಿ ಗಂಗವ್ವ, ನೀಲವ್ವ ಇರುವ ಮನೆಗೆ ಅತ್ತಿಮಬ್ಬೆ ಹೊಸಬಳಲ್ಲ. ಗಂಗವ್ವ ದಾಖಲೆಯಲ್ಲಿ ಗಂಗಮ್ಮ ಆಗುವುದು ಬೇರೆ ಜಗಳ, ಅದನ್ನು ಬಿಡುತ್ತೇನೆ.

ಹೆಸರು ಇಡುವವರು ಒತ್ತು ನೋಡಿಕೊಳ್ಳಿ. ತಕಾರದ ಒತ್ತು ಬಿದ್ದರೆ 'ಅತಿ' ಆಗುತ್ತದೆ. ಇಂಗ್ಲಿಷಿನಲ್ಲಿ ಎರಡು ಟಿ, ಎರಡು ಬಿ. ಟಿ ಪಕ್ಕ ಎಚ್ ಸೇರಿಸಿದರೆ, ಕನ್ನಡಕ್ಕೆ ವಾಪಸು ಬರುವಾಗ ಕಂಪ್ಯೂಟರು ಅದನ್ನು 'ಅಥಿ' ಮಾಡಿಬಿಡಬಹುದು. ಜನನ ಪ್ರಮಾಣಪತ್ರದ ಕರಡನ್ನು ಅಕ್ಷರ ಅಕ್ಷರ ಓದಿಯೇ ಸಹಿ ಹಾಕಿ. ಹಾಂ, ಮಡಿಕೇರಿಯ ಅಬ್ಬಿಗೂ ಇದಕ್ಕೂ ನಂಟಿಲ್ಲ, ಅದು ನೀರು ಧುಮುಕುವ ಅಬ್ಬಿ. ಪ್ರಶ್ನೆಗಳಿದ್ದರೆ ಚಹಾ ಕುಡಿಯುತ್ತಾ ಕೇಳಿ.