ನಾರಾಯಣ ಮತ್ತು ನಾರಾಯಣನ್ ಒಬ್ಬರೇ: ವೀಸಾ ಅರ್ಜಿ ತುಂಬುವವರೊಡನೆ ಒಂದಿಷ್ಟು ಮಾತು

ಎಲ್ಲರಿಗೂ ನಮಸ್ಕಾರ. ಹಟ್ಟಿಯ ಕೆಲಸ ಮುಗಿಸಿ, ಮಳೆ ಬಿಟ್ಟ ಹೊತ್ತು ನೋಡಿಕೊಂಡು ಇಷ್ಟು ಜನ ವಾಚನಾಲಯಕ್ಕೆ ಬಂದಿದ್ದೀರಿ. ಅದರಲ್ಲೂ ಅರವತ್ತು ದಾಟಿದವರೇ ಜಾಸ್ತಿ. ಯಾಕೆ ಅಂತ ನನಗೆ ಗೊತ್ತು. ನಮ್ಮ ಕಾಸರಗೋಡಿನಲ್ಲಿ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಎಲ್ಲಿ ಹೋದರೂ ಎಷ್ಟೋ ಮನೆಗಳ ಮಕ್ಕಳು ಹೊರದೇಶದಲ್ಲಿದ್ದಾರೆ. ಮೊದಲು ದುಬೈ, ಶಾರ್ಜಾ, ದೋಹಾ ಮಾತ್ರ ಕೇಳುತ್ತಿದ್ದೆವು. ಈಗ ಟೊರೊಂಟೊ, ಲಂಡನ್, ಮ್ಯೂನಿಕ್ ಕೂಡ ಸೇರಿವೆ. ಮೊಮ್ಮಗುವನ್ನು ಮೊಬೈಲಿನಲ್ಲಿ ಎಷ್ಟು ಸಲ ನೋಡಿದರೂ ಒಮ್ಮೆ ಎತ್ತಿಕೊಳ್ಳಬೇಕು ಅನಿಸುತ್ತದೆ, ಅಲ್ವಾ?

ನಾನು ಏಜೆಂಟ್ ಅಲ್ಲ, ವಕೀಲಳೂ ಅಲ್ಲ. ಕನ್ನಡ ಮೀಡಿಯಂ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾದವಳು. ಮಗಳನ್ನು ನೋಡಲು ಇಂಗ್ಲೆಂಡಿಗೆ ಹೊರಟಾಗ ನನ್ನ ಮೊದಲ ಅರ್ಜಿ ತಿರಸ್ಕಾರವಾಯಿತು. ಯಾಕೆ ಹೀಗಾಯಿತು ಅಂತ ತಿಳಿಯಲು ಹೊರಟವಳು ಈ ವಿಷಯವನ್ನೇ ಕಲಿತುಕೊಂಡೆ. ಈಗ ನೆರೆಕರೆಯವರು ಕಾಗದ ಪತ್ರ ಹಿಡಿದುಕೊಂಡು ನಮ್ಮ ಜಗಲಿಗೆ ಬರುತ್ತಾರೆ.

ಆ ಮೊದಲ ಅರ್ಜಿಯನ್ನು ನಾನು ಓದಿಯೇ ಇರಲಿಲ್ಲ. ಬೇರೆಯವರು ತುಂಬಿಕೊಟ್ಟರು, ನಾನು ಒಪ್ಪಿದೆ. ಉದ್ಯೋಗ ಅಂತ ಇರುವಲ್ಲಿ 'ಗೃಹಿಣಿ' ಎಂದು ಬರೆದಿದ್ದರು. ತಿಂಗಳು ತಿಂಗಳು ಬರುವ ಪೆನ್ಷನ್ ಮಾತೇ ಇರಲಿಲ್ಲ. ಬ್ಯಾಂಕಿನಲ್ಲಿ ಬ್ಯಾಲೆನ್ಸ್ ಜಾಸ್ತಿ ಕಾಣಬೇಕು ಎಂದು ಹೇಳಿ, ಅರ್ಜಿಗೆ ಹತ್ತು ದಿನ ಮುಂಚೆ ಅಳಿಯನಿಂದ ನಾಲ್ಕು ಲಕ್ಷ ಹಾಕಿಸಿದ್ದರು. ವೀಸಾ ಆಫೀಸರ್ ಅದನ್ನೇ ಹಿಡಿದರು. ಆದಾಯ ಇಲ್ಲ ಎಂದವರ ಖಾತೆಗೆ ಈ ದುಡ್ಡು ಎಲ್ಲಿಂದ ಬಂತು? ಕಾರಣ ಬರೆದ ಪತ್ರ ಕೈಗೆ ಬಂದಾಗ ತುಂಬ ಬೇಜಾರಾಯಿತು. ಆದರೆ ಅದನ್ನು ಮೂರು ಸಲ ಓದಿದ ಮೇಲೆ ಅನಿಸಿತು, ಅವರ ಜಾಗದಲ್ಲಿ ನಾನಿದ್ದರೂ ಇದೇ ಪ್ರಶ್ನೆ ಕೇಳುತ್ತಿದ್ದೆ. ಎರಡನೇ ಸಲ ನಾನೇ ಕೂತು ತುಂಬಿದೆ. ಪೆನ್ಷನ್ ಇಷ್ಟು, ಯಜಮಾನರ ಅಡಿಕೆ ಇಷ್ಟು, ಟಿಕೆಟ್ ಮಗಳದ್ದು, ಉಳಿಯುವುದು ಅವಳ ಮನೆಯಲ್ಲಿ. ವೀಸಾ ಬಂತು. ಇಂದು ನಾನು ಹೇಳಬೇಕೆಂದಿರುವುದು ಇಷ್ಟೇ: ಅರ್ಜಿ ನಿಮ್ಮ ಬದುಕಿನ ಹಾಗೇ ಇರಬೇಕು. ಅದರ ಪ್ರತಿ ಸಾಲನ್ನೂ ನೀವೇ ಓದಿರಬೇಕು. ಇಂಗ್ಲಿಷ್ ಬಾರದಿದ್ದರೆ ಓದಿಸಿ ಕೇಳಿರಬೇಕು.

ನಮ್ಮ ಊರಿನವರಿಗೆ ದೊಡ್ಡ ತೊಂದರೆ ಬರುವುದು ಹೆಸರಿನಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇರೆ ಊರಿನ ಏಜೆಂಟರಿಗೆ ಇದು ಅರ್ಥವೇ ಆಗುವುದಿಲ್ಲ.

1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ಅದಕ್ಕೆ ಮೊದಲು ದಕ್ಷಿಣ ಕನ್ನಡದಲ್ಲಿತ್ತು. ಹಾಗಾಗಿ ಒಂದೇ ಮನೆಯ ಪೆಟ್ಟಿಗೆಯಲ್ಲಿ ಶಾಲೆಯ ಸರ್ಟಿಫಿಕೇಟ್ ಕನ್ನಡದಲ್ಲಿ, ರೇಷನ್ ಕಾರ್ಡ್ ಮಲಯಾಳದಲ್ಲಿ, ಪಾಸ್‌ಪೋರ್ಟ್ ಇಂಗ್ಲಿಷಿನಲ್ಲಿ ಉಂಟು. ಒಂದು ಲಿಪಿಯಿಂದ ಇನ್ನೊಂದಕ್ಕೆ ಹೋಗುವಾಗ ಹೆಸರು ಬದಲಾಗುತ್ತದೆ. ಅಮ್ಮ ಇಟ್ಟ ಹೆಸರು ನಾರಾಯಣ. ಮಲಯಾಳದಲ್ಲಿ ಬರೆದವರಿಗೆ ಅದು ನಾರಾಯಣನ್. ಕೃಷ್ಣ ಹೋಗಿ ಕೃಷ್ಣನ್. ಒಂದು ಕಡೆ ಮನೆ ಹೆಸರಿನ ಇನಿಶಿಯಲ್ ಮುಂದೆ, ಇನ್ನೊಂದು ಕಡೆ ಹಿಂದೆ. ಊರಿನ ಹೆಸರಿನದ್ದೂ ಇದೇ ಕಥೆ. ಮಂಜೇಶ್ವರ ಒಂದು ಕಾಗದದಲ್ಲಿ, ಮಂಜೇಶ್ವರಂ ಇನ್ನೊಂದರಲ್ಲಿ. ಕಾಸರಗೋಡಿನ ಇಂಗ್ಲಿಷ್ ಸ್ಪೆಲ್ಲಿಂಗೇ ಎರಡು ಮೂರು ಬಗೆ.

ನಮಗೆ ಇದು ಲೆಕ್ಕಕ್ಕೇ ಇಲ್ಲ. ಆದರೆ ದೂರದಲ್ಲಿ ಕೂತ ಆಫೀಸರ್‌ಗೆ ಪಾಸ್‌ಪೋರ್ಟಿನ ನಾರಾಯಣ ಬೇರೆ, ತೋಟದ ತೆರಿಗೆ ರಸೀದಿಯ ನಾರಾಯಣನ್ ಬೇರೆ. ತೋಟ ಇರುವವನು ಒಬ್ಬ, ವೀಸಾ ಕೇಳುವವನು ಇನ್ನೊಬ್ಬ. ಇದಕ್ಕೆ ದಾರಿ ಉಂಟು. ಸರ್ಕಾರಿ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರದ ಮೂಲಕ ಅರ್ಜಿ ಕೊಟ್ಟರೆ, ಈ ಎರಡೂ ಹೆಸರು ಒಬ್ಬರದ್ದೇ ಎಂದು ವಿಲೇಜ್ ಆಫೀಸಿನಿಂದ 'ವನ್ ಆಂಡ್ ದ ಸೇಮ್' ಸರ್ಟಿಫಿಕೇಟ್ ಕೊಡುತ್ತಾರೆ. ಅದನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ. ಜೊತೆಗೆ ಅರ್ಧ ಪುಟದ ಒಂದು ಪತ್ರ ಬರೆದು, ನಮ್ಮಲ್ಲಿ ಹೆಸರು ಹೀಗೆ ಬದಲಾಗುತ್ತದೆ ಎಂದು ವಿವರಿಸಿ.

ಇನ್ನೊಂದು, ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರು. ಹಳೇ ಕಾಲದವರಿಗೆ ಸರ್‌ನೇಮ್ ಎಂಬುದೇ ಇಲ್ಲ. ಬರೇ 'ಲಕ್ಷ್ಮಿ', ಬರೇ 'ಐತಪ್ಪ'. 2022ರ ನವೆಂಬರ್ 21ರಿಂದ ಯುಎಇಯವರು ಒಂದೇ ಪದದ ಹೆಸರಿದ್ದವರನ್ನು ವಿಸಿಟ್ ವೀಸಾದಲ್ಲಿ ಒಳಗೆ ಬಿಡುವುದಿಲ್ಲ ಎಂದರು. ಆಮೇಲೆ ಪಾಸ್‌ಪೋರ್ಟಿನ ಇನ್ನೊಂದು ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಆಗಬಹುದು ಎಂದು ಸಡಿಲಿಸಿದರು. ಹಾಗಿದ್ದರೂ ಟಿಕೆಟ್ ತೆಗೆಯುವ ಮೊದಲು ಪಾಸ್‌ಪೋರ್ಟ್ ಸರಿ ಮಾಡಿಸಿಕೊಳ್ಳುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ವಿಮಾನ ನಿಲ್ದಾಣದಲ್ಲಿ ನಿಂತು ಪರದಾಡುವ ವಯಸ್ಸಲ್ಲ ನಿಮ್ಮದು.

ಎರಡನೆಯ ದೊಡ್ಡ ವಿಷಯ, ಕೃಷಿಕರ ಆದಾಯ. "ನನಗೆ ಸಂಬಳದ ಚೀಟಿ ಇಲ್ಲ, ನಾನು ಎಂತ ತೋರಿಸುದು?" ಎಂದು ಕೇಳುವವರೇ ಎಲ್ಲ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ, ಹಾಗಾಗಿ ತುಂಬ ಜನ ರಿಟರ್ನ್ ಹಾಕುವುದೇ ಇಲ್ಲ. ತೆರಿಗೆ ಇಲ್ಲದಿದ್ದರೂ ಕೃಷಿ ಆದಾಯ ತೋರಿಸಿ ರಿಟರ್ನ್ ಹಾಕಬಹುದು. ಎರಡು ವರ್ಷ ಹಾಗೆ ಹಾಕಿದ್ದರೆ ಬಹಳ ಉಪಯೋಗ. ಇಲ್ಲದಿದ್ದರೆ ಗಾಬರಿ ಬೇಡ. ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ 1973ರಿಂದ ನಮ್ಮ ಅಡಿಕೆ ತೆಗೆದುಕೊಳ್ಳುತ್ತಿದೆ. ಅಡಿಕೆ ಕೊಟ್ಟ ಬಿಲ್ಲನ್ನು ಮೊಳೆಗೆ ಚುಚ್ಚಿ ಇಟ್ಟಿರುತ್ತೀರಿ, ಅಲ್ವಾ? ಅದನ್ನು ತೆಗೆಯಿರಿ. ಬಿಲ್ಲಿನ ತಾರೀಕು, ಮೊತ್ತ, ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಅದೇ ಮೊತ್ತ ಜಮೆಯಾದ ಸಾಲು, ಎರಡನ್ನೂ ಪಕ್ಕಪಕ್ಕ ಇಡಿ. ನೆರೆಕರೆಯ ಅಣ್ಣ ಒಬ್ಬರ ಕಾಗದಗಳನ್ನು ಹೀಗೆ ಜೋಡಿಸಿದಾಗ, ಬಿಲ್ಲಿನ ಮೂಲೆಯಲ್ಲಿ ಎಲೆಅಡಿಕೆಯ ಕೆಂಪು ಕಲೆ ಇತ್ತು. ಪರವಾಗಿಲ್ಲ, ಹಾಗೇ ಸ್ಕ್ಯಾನ್ ಮಾಡಿ ಎಂದೆ. ಅಂಕಿ ಸರಿಯಾಗಿ ಕಾಣುತ್ತಿತ್ತಲ್ಲ, ಅಷ್ಟು ಸಾಕು.

ಮಲಯಾಳದಲ್ಲಿರುವ ರಸೀದಿ, ಕನ್ನಡದ ಸರ್ಟಿಫಿಕೇಟ್, ಇವನ್ನು ಇಂಗ್ಲಿಷಿಗೆ ಮಾಡಿಸಬೇಕು. ಬ್ರಿಟನ್ನಿನವರಿಗೆ ಅನುವಾದ ಸರಿಯಾಗಿದೆ ಎಂಬ ಮಾತು, ತಾರೀಕು, ಅನುವಾದ ಮಾಡಿದವರ ಪೂರ್ತಿ ಹೆಸರು, ಸಹಿ, ಸಂಪರ್ಕದ ವಿವರ ಎಲ್ಲ ಬೇಕು. ಬರೇ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಅರ್ಥ ಬರೆದರೆ ಆಗದು.

ಯುರೋಪಿಗೆ ಹೋಗುವವರು ಕೈ ಎತ್ತಿ. ನಾಲ್ಕು ಜನ. ನಿಮಗೆ ಬೇಕಾದದ್ದು ಷೆಂಗೆನ್ ವೀಸಾ. ಷೆಂಗೆನ್ ಎಂಬುದು ಲಕ್ಸೆಂಬರ್ಗ್ ದೇಶದ ಒಂದು ಸಣ್ಣ ಊರು. ಹೊಳೆಯ ದಡದಲ್ಲಿದೆ, ಅಲ್ಲೇ ಫ್ರಾನ್ಸ್ ಮತ್ತು ಜರ್ಮನಿ ಎರಡೂ ತಾಗುತ್ತವೆ. 1985ರ ಜೂನ್ 14ರಂದು ಅಲ್ಲಿ ದೋಣಿಯೊಂದರಲ್ಲಿ ಕೂತು ಐದು ದೇಶಗಳು ತಮ್ಮ ನಡುವಿನ ಗಡಿ ತಪಾಸಣೆ ತೆಗೆಯುವ ಒಪ್ಪಂದಕ್ಕೆ ಸಹಿ ಹಾಕಿದವು. ಈಗ 29 ದೇಶಗಳಿವೆ. ಈ ಕಥೆ ಓದಿದಾಗ ನನಗೆ ಕೇರಳ-ಕರ್ನಾಟಕ ಗಡಿಯ ತಲಪಾಡಿ ನೆನಪಾಯಿತು. 2020ರಲ್ಲಿ ಆ ದಾರಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ನಮ್ಮವರು ಪಟ್ಟ ಪಾಡು ನಿಮಗೆಲ್ಲ ಗೊತ್ತು. ಗಡಿಯ ಊರಿನವರಿಗೆ ಗಡಿ ತೆರೆದಿರುವುದರ ಬೆಲೆ ಬೇರೆಯವರಿಗಿಂತ ಚೆನ್ನಾಗಿ ತಿಳಿಯುತ್ತದೆ.

ಈ ವೀಸಾಕ್ಕೆ ದೊಡ್ಡವರಿಗೆ ಫೀಸು 90 ಯೂರೊ. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ಕನಿಷ್ಠ 15 ದಿನ ಇರಲೇಬೇಕು. 180 ದಿನಗಳಲ್ಲಿ 90 ದಿನಕ್ಕಿಂತ ಜಾಸ್ತಿ ಉಳಿಯುವಂತಿಲ್ಲ. ಕಡಿಮೆ ಎಂದರೆ 30,000 ಯೂರೊ ಮೊತ್ತದ ಆಸ್ಪತ್ರೆ ವಿಮೆ ಕಡ್ಡಾಯ. ಎರಡು ಮೂರು ದೇಶ ಸುತ್ತುವವರು ಜಾಸ್ತಿ ದಿನ ಎಲ್ಲಿರುತ್ತೀರೋ ಆ ದೇಶದ ಮೂಲಕವೇ ಅರ್ಜಿ ಹಾಕಬೇಕು. ಯಾವುದು ಬೇಗ ಸಿಗುತ್ತದೆ ಎಂದು ನೋಡಿ ಬೇರೆ ದೇಶಕ್ಕೆ ಹಾಕಬೇಡಿ.

ಅಮೆರಿಕದ್ದು ಬೇರೆಯೇ ಕ್ರಮ. ಅಲ್ಲಿ ಕಾಗದಕ್ಕಿಂತ ಮಾತು ಮುಖ್ಯ. ಅವರ ಕಾನೂನೇ ಹಾಗೆ, ಬರುವವರೆಲ್ಲ ಅಲ್ಲೇ ಉಳಿಯಲು ಬರುತ್ತಾರೆ ಎಂದು ಮೊದಲು ಲೆಕ್ಕ ಹಾಕುತ್ತಾರೆ. ಅಲ್ಲ ಎಂದು ತೋರಿಸುವ ಜವಾಬ್ದಾರಿ ನಮ್ಮದು. ಡಿಎಸ್-160 ಎಂಬ ಫಾರ್ಮನ್ನು ಕಂಪ್ಯೂಟರಿನಲ್ಲಿ ತುಂಬಬೇಕು. ಅರ್ಜಿ ಫೀಸು 185 ಡಾಲರ್, ವೀಸಾ ಸಿಗದಿದ್ದರೂ ಅದು ವಾಪಸ್ ಬರುವುದಿಲ್ಲ. ಫೋಟೊ ಎರಡು ಇಂಚು ಚೌಕ, ಕನ್ನಡಕ ತೆಗೆದೇ ತೆಗೆಸಬೇಕು.

ಆ ಫಾರ್ಮಿನಲ್ಲಿ ನನಗೆ ಇಷ್ಟವಾದ ಎರಡು ಜಾಗ ಇವೆ. ಒಂದು, ನಿಮ್ಮ ಪೂರ್ತಿ ಹೆಸರನ್ನು ನಿಮ್ಮ ಸ್ವಂತ ಲಿಪಿಯಲ್ಲಿ ಬರೆಯಿರಿ ಎಂದು ಕೇಳುವ ಪೆಟ್ಟಿಗೆ. ಅಲ್ಲಿ ಕನ್ನಡದಲ್ಲಿ ಬರೆಯಿರಿ. ಅಮ್ಮ ಕರೆದ ಹಾಗೇ ಬರೆಯಿರಿ. ಇನ್ನೊಂದು, ನಿಮಗೆ ಬರುವ ಭಾಷೆಗಳ ಪಟ್ಟಿ. ಪೆರ್ಲದ ಕಡೆಯ ಒಬ್ಬರು ಅತ್ತೆಗೆ ನಾನು ಫಾರ್ಮ್ ತುಂಬಿಸುತ್ತಿದ್ದೆ. "ನನಗೆ ಇಂಗ್ಲಿಷ್ ಬಾರದು, ಏನೂ ಬಾರದು ಅಂತ ಬರಿ" ಎಂದರು. ಒಂದೊಂದೇ ಕೇಳಿದೆ. ಕನ್ನಡ, ತುಳು, ಮಲಯಾಳ, ಕೊಂಕಣಿ. ನಾಲ್ಕು ಭಾಷೆ ಬರೆದ ಮೇಲೆ ಪರದೆಯನ್ನು ಅವರ ಕಡೆ ತಿರುಗಿಸಿ ತೋರಿಸಿದೆ. ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಅಮೆರಿಕದ ಕಾನ್ಸುಲೇಟ್ ಇರುವ ಚೆನ್ನೈಗೆ ಅವರು ಹೋದದ್ದು ಮೈಲ್ ರೈಲಿನಲ್ಲಿ. ಬೆರಳಚ್ಚಿಗೆ ಒಂದು ದಿನ, ಸಂದರ್ಶನಕ್ಕೆ ಮರುದಿನ. ಮೊಬೈಲ್, ಬ್ಯಾಗ್ ಯಾವುದನ್ನೂ ಒಳಗೆ ಬಿಡುವುದಿಲ್ಲ. ಮಗಳ ವಿಳಾಸ, ಫೋನ್ ನಂಬರ್ ಕಾಗದದಲ್ಲಿ ಬರೆದುಕೊಂಡು ಹೋಗಿ ಎಂದಿದ್ದೆ. ಕನ್ನಡದಲ್ಲಿ ಮಾತಾಡುತ್ತೇನೆ ಎಂದು ಅತ್ತೆ ಕೇಳಿಕೊಂಡರು. ಗಾಜಿನ ಆಚೆಯಿಂದ ಪ್ರಶ್ನೆ ಬಂತು, ಯಾಕೆ ಹೋಗುತ್ತಿದ್ದೀರಿ?

"ಮಗಳು ಹೆತ್ತಿದ್ದಾಳೆ. ಮಗುವನ್ನು ನೋಡಬೇಕು."

ಎಷ್ಟು ದಿನ?

"ಮೂರು ತಿಂಗಳು."

ಯಾಕೆ ಮೂರೇ ತಿಂಗಳು?

"ಮಳೆ ಹಿಡಿಯುವ ಮೊದಲು ಅಡಿಕೆಗೆ ಮದ್ದು ಬಿಡಬೇಕು. ಯಜಮಾನರೊಬ್ಬರಿಂದ ಆಗುವುದಿಲ್ಲ. ಮೈಲುತುತ್ತು, ಸುಣ್ಣ ಕಲಸುವುದು ನಾನೇ."

ಅಷ್ಟೇ. ತಂದ ಫೈಲನ್ನು ತೆರೆಯಲೂ ಹೇಳಲಿಲ್ಲ, ವೀಸಾ ಕೊಟ್ಟರು. ಅತ್ತೆ ಬಾಯಿಪಾಠ ಮಾಡಿ ಹೋಗಿರಲಿಲ್ಲ. ಕೊಳೆರೋಗ ಬಂದರೆ ವರ್ಷದ ಫಸಲು ನೆಲಕ್ಕೆ ಉದುರುತ್ತದೆ ಎಂಬುದು ಅವರ ಮನಸ್ಸಿನಲ್ಲೇ ಇದ್ದ ಚಿಂತೆ. ಊರಿಗೆ ಮರಳಿ ಬರಲು ನಿಮಗೆ ಏನಿದೆ ಎಂದು ಕೇಳುವಾಗ ನಮ್ಮವರು ಸುಮ್ನೆ ತಲೆ ತಗ್ಗಿಸುತ್ತಾರೆ. ಹಾಗೆ ಮಾಡಬೇಡಿ. ತೋಟ ಉಂಟು, ಹಟ್ಟಿಯಲ್ಲಿ ದನ ಉಂಟು, ವರ್ಷಕ್ಕೊಮ್ಮೆ ತರವಾಡಿನಲ್ಲಿ, ಅಂದರೆ ಮನೆತನದ ಮೂಲ ಮನೆಯಲ್ಲಿ, ದೈವದ ಕೋಲ ಉಂಟು. ಇವೆಲ್ಲ ಸರಿಯಾದ ಉತ್ತರಗಳೇ.

ವೀಸಾ ಹತ್ತು ವರ್ಷಕ್ಕೆ ಸಿಕ್ಕಿತು ಎಂದರೆ ಹತ್ತು ವರ್ಷ ಅಲ್ಲಿರಬಹುದು ಎಂದಲ್ಲ. ಎಷ್ಟು ದಿನ ಇರಬಹುದು ಎಂಬುದನ್ನು ಅಲ್ಲಿ ಇಳಿದಾಗ ಅಧಿಕಾರಿ ಹೇಳುತ್ತಾರೆ, ಸಾಮಾನ್ಯವಾಗಿ ಆರು ತಿಂಗಳು. ಆ ತಾರೀಕನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ.

ಹಿಂದೆ ಎಲ್ಲಾದರೂ ವೀಸಾ ತಿರಸ್ಕಾರವಾಗಿದ್ದರೆ ಮುಚ್ಚಿಡಬೇಡಿ. ತಿರಸ್ಕಾರ ದೊಡ್ಡ ತಪ್ಪಲ್ಲ, ಸುಳ್ಳು ದೊಡ್ಡ ತಪ್ಪು. ಸುಳ್ಳು ಕಾಗದ ಕೊಟ್ಟದ್ದು ಸಿಕ್ಕಿಬಿದ್ದರೆ ಬ್ರಿಟನ್ 10 ವರ್ಷ, ಕೆನಡಾ 5 ವರ್ಷ ಬಾಗಿಲು ಹಾಕುತ್ತದೆ. ಅಮೆರಿಕದಲ್ಲಿ ಅದು ಜೀವನಪೂರ್ತಿ ಅಡ್ಡ ಬರಬಹುದು. 'ವೀಸಾ ಗ್ಯಾರಂಟಿ' ಎಂದು ಬೋರ್ಡು ಹಾಕಿದವರ ಮಾತು ನಂಬಬೇಡಿ. ಅರ್ಜಿ ತೆಗೆದುಕೊಳ್ಳುವ ಕೇಂದ್ರದವರಿಗೂ ವೀಸಾ ಕೊಡುವ ಅಧಿಕಾರ ಇಲ್ಲ. ಅವರು ಕಾಗದ ದಾಟಿಸುವವರು ಮಾತ್ರ.

ಕೆನಡಾದಲ್ಲಿ ಮಕ್ಕಳಿರುವವರು ಸೂಪರ್ ವೀಸಾ ಬಗ್ಗೆ ಕೇಳಿಕೊಳ್ಳಿ. ಅಲ್ಲಿನ ಪ್ರಜೆ ಅಥವಾ ಕಾಯಂ ನಿವಾಸಿ ಆದವರ ಅಪ್ಪ ಅಮ್ಮ, ಅಜ್ಜ ಅಜ್ಜಿಯರಿಗೆ ಒಂದೇ ಸಲಕ್ಕೆ ಐದು ವರ್ಷದ ತನಕ ಇರಲು ಬಿಡುತ್ತಾರೆ. ಮಕ್ಕಳ ಆದಾಯ, ಆಸ್ಪತ್ರೆ ವಿಮೆ ಎರಡೂ ತೋರಿಸಬೇಕು.

ಗಲ್ಫಿನ ಬಗ್ಗೆ ಎಳೆಯರಿಗೆ ಒಂದು ಮಾತು. ವಿಸಿಟ್ ವೀಸಾ ನೋಡಿ ಬರುವುದಕ್ಕೆ. ಆ ವೀಸಾದಲ್ಲಿ ಹೋಗಿ ಕೆಲಸಕ್ಕೆ ಸೇರಿಸುತ್ತೇವೆ ಎಂದು ದುಡ್ಡು ಕೇಳಿದರೆ ಕೊಡಬೇಡಿ. ಕೆಲಸ ಮಾಡಿಸಿ ಸಂಬಳ ಕೊಡದಿದ್ದರೆ ದೂರು ಕೊಡುವುದೂ ಕಷ್ಟವಾಗುತ್ತದೆ. ಅವಧಿ ಮುಗಿದ ಮೇಲೆ ಯುಎಇಯಲ್ಲಿ ದಿನಕ್ಕೆ 50 ದಿರ್ಹಮ್ ದಂಡ ಏರುತ್ತಾ ಹೋಗುತ್ತದೆ. ಹೋಗುವ ಮೊದಲು ನೋರ್ಕಾದಲ್ಲಿ, ಅಂದರೆ ಹೊರನಾಡಿಗೆ ಹೋಗುವವರಿಗಾಗಿ ಇರುವ ಕೇರಳ ಸರ್ಕಾರದ ಇಲಾಖೆಯಲ್ಲಿ, ವಿಚಾರಿಸಿ. ಅಕ್ಕಂದಿರೇ, ಪಾಯಸಕ್ಕೆ ಎಂದು ಗಸಗಸೆ ಕಟ್ಟಿಕೊಂಡು ಹೋಗಬೇಡಿ. ಅಲ್ಲಿ ಅದು ನಿಷೇಧ, ಜೈಲಿಗೂ ದಾರಿ. ಮಾತ್ರೆಗಳಿಗೆ ಡಾಕ್ಟರ ಚೀಟಿ ಇರಲಿ, ಕೆಲವು ನೋವಿನ ಮಾತ್ರೆಗಳಿಗೆ ಮೊದಲೇ ಅನುಮತಿ ಬೇಕು.

ನಾನು ಹೇಳಿದ ಫೀಸು, ನಿಯಮಗಳು ಬದಲಾಗುತ್ತಿರುತ್ತವೆ. ಅರ್ಜಿ ಹಾಕುವ ದಿನ ಆಯಾ ದೇಶದ ಸರ್ಕಾರಿ ವೆಬ್‌ಸೈಟಿನಲ್ಲಿ ಇನ್ನೊಮ್ಮೆ ನೋಡಿಸಿ.

ಮುಂದಿನ ಭಾನುವಾರ ಬೆಳಿಗ್ಗೆ ನಾನು ಇಲ್ಲೇ ಇರುತ್ತೇನೆ. ಪಾಸ್‌ಪೋರ್ಟ್, ಆಧಾರ್, ರೇಷನ್ ಕಾರ್ಡ್, ತೋಟದ ತೆರಿಗೆ ರಸೀದಿ, ನಾಲ್ಕನ್ನೂ ತನ್ನಿ. ಮೊದಲು ಹೆಸರು ತಾಳೆ ನೋಡೋಣ. ಈಗ ಪ್ರಶ್ನೆ ಇದ್ದವರು ಕೇಳಿ. ಕೊನೆಯ ಬೆಂಚಿನ ಅಜ್ಜ ಆಗಿನಿಂದ ಕೈ ಎತ್ತಿಕೊಂಡೇ ಇದ್ದಾರೆ, ಅವರಿಂದ ಶುರು ಮಾಡೋಣ.